ಮಿಸ್ ಡೋರಾಳನ್ನು ಪಾವಗಡಕ್ಕೆ ಮುಟ್ಟಿಸಿದ್ದು

ಬರ್ಮಾ ಜಪಾನಿನವರ ಕೈಸೇರಿದ ಮರುವರ್ಷದ ದಸರಾ ರಜೆಯಲ್ಲಿ ನಾನು ತುಮಕೂರಿನಿಂದ ಪಾವಗಡಕ್ಕೆ ಹೊರಟೆ. ದೇವರ ದರ್ಶನಕ್ಕಲ್ಲ, ನೆಂಟರ ಮದುವೆಗೂ ಅಲ್ಲ. ಒಬ್ಬ ಇಂಗ್ಲಿಷ್ ಮೇಡಮ್ಮನ್ನು ಕೆಲಸಕ್ಕೆ ಮುಟ್ಟಿಸಿ ಬರುವುದಕ್ಕೆ. ಪಾವಗಡದ ಹಿರಿಯರು ಕೂಡಿ ಹೆಣ್ಣುಮಕ್ಕಳಿಗೆಂದು ಹೊಸ ಶಾಲೆ ತೆರೆದಿದ್ದರು. ಇಂಗ್ಲಿಷ್ ಕಲಿಸಲು ಪರದೇಶದವರೇ ಬೇಕೆಂದು ಅವರಿಗೆ ಹಟ. ಜಾಹೀರಾತು ಕೊಟ್ಟರು; ಮಿಸ್ ಡೋರಾ ಎಂಬ ಹೆಸರಿನಲ್ಲಿ ಮುತ್ತಿನಂಥ ಅಕ್ಷರದ ಅರ್ಜಿ ಬಂತು; ಕಾಗದದಲ್ಲೇ ಕೆಲಸ ಗೊತ್ತಾಯಿತು. ತುಮಕೂರಿಗೆ ರೈಲಿನಲ್ಲಿ ಬರುವ ಆಕೆಯನ್ನು ಯಾರಾದರೂ ಹೆಂಗಸು ಜೊತೆಗಿದ್ದು ಕರೆತರಲಿ ಎಂದು ಅವರು ನಮ್ಮ ಶಾಲೆಗೆ ಬರೆದಾಗ ಹೆಡ್‌ಮಿಸ್ಟ್ರೆಸ್ ನನ್ನ ಕಡೆ ಬೆರಳು ತೋರಿಸಿದರು. ನಾನು ಸರ್ಕಾರಿ ಶಾಲೆಯ ಕನ್ನಡ ಉಪಾಧ್ಯಾಯಿನಿ. ಪಿಂಚಣಿಗೆ ಇನ್ನು ಮೂರೇ ವರ್ಷ. ಯಜಮಾನರು ಹೋಗಿ ಬಹಳ ಕಾಲವಾಯಿತು, ಮನೆಯಲ್ಲಿ ಕಾಯುವವರಿಲ್ಲ. ಇಂಥ ಬಿಟ್ಟಿ ಕೆಲಸಕ್ಕೆ ನನಗಿಂತ ಅನುಕೂಲದವರು ಯಾರು ಸಿಕ್ಕಾರು!

ರೈಲು ಬಂದ ಮೇಲೆ ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ಎರಡು ಸಲ ನಡೆದೆ. ನಾನು ಹುಡುಕುತ್ತಿದ್ದದ್ದು ಬಿಳಿಯ ದೊರೆಸಾನಿಯನ್ನು. ಜನ ಎಲ್ಲ ಕರಗಿದ ಮೇಲೆ ಒಬ್ಬಳೇ ಉಳಿದಳು. ಗಿಡ್ಡನೆಯ ಆಳು, ಗೋಧಿ ಬಣ್ಣ, ಚಪ್ಪಟೆ ಮುಖ, ಸಣ್ಣ ಕಣ್ಣು, ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ. "ನೀವು ಹುಡುಕುತ್ತಿರುವವಳು ನಾನೇ ಇರಬೇಕು" ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕಳು. ಬರ್ಮಾದವಳು, ಅಲ್ಲಿನ ಕರೆನ್ ಎಂಬ ಜನದ ಕ್ರೈಸ್ತಳು. ರಂಗೂನಿನಲ್ಲಿ ಒಂಬತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದವಳು. ಬಾಂಬು ಬಿದ್ದಾಗ ಬೆಟ್ಟ ಕಾಡು ದಾಟಿ ಇಂಡಿಯಾಕ್ಕೆ ನಡೆದೇ ಬಂದವಳು. ಅಯ್ಯೋ ಶಿವನೇ, ಪಾವಗಡದವರಿಗೆ ನಾನೇನು ಉತ್ತರ ಹೇಳಲಿ ಎಂದು ನನಗೆ ಅಲ್ಲೇ ಬೆವರಿತು.

ತುಮಕೂರಿನಿಂದ ಮಧುಗಿರಿಗೆ ಇಪ್ಪತ್ತೇಳು ಮೈಲಿ, ಬಸ್ಸಿನ ಚಾರ್ಜು ತಲೆಗೆ ಹನ್ನೆರಡಾಣೆ. ಪೆಟ್ರೋಲು ಸಿಗದ ಕಾಲ; ಬಸ್ಸಿನ ಬೆನ್ನಿಗೆ ದೊಡ್ಡ ಒಲೆ ಕಟ್ಟಿ, ಇದ್ದಿಲು ಉರಿಸಿ, ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಅನ್ನುವುದು ಗೌರವಕ್ಕೆ ಹೇಳುವ ಮಾತು. ಏರು ಬಂದಲ್ಲೆಲ್ಲ ಇಳಿದು ನಡೆದೆವು, ಒಂದು ಕಡೆ ಗಂಡಸರು ತಳ್ಳಿದರು. ಹಿಂದಿನ ಸೀಟಿನವರಿಗೆಲ್ಲ ಮುಖಕ್ಕೆ ಮಸಿ. ಕೊರಟಗೆರೆಯಲ್ಲಿ ಇದ್ದಿಲು ತುಂಬಿಸಲು ಮುಕ್ಕಾಲು ಗಂಟೆ ನಿಲ್ಲಿಸಿದಾಗ ಹೋಟೆಲಿನ ಭಟ್ಟರು ಇಡ್ಲಿಯ ಬದಲು ರಾಗಿ ದೋಸೆ ತಂದಿಟ್ಟು, "ರಂಗೂನ್ ಅಕ್ಕಿ ಬರೋದು ನಿಂತೋಯ್ತಲ್ಲಮ್ಮ, ಇಡ್ಲಿ ಎಲ್ಲಿಂದ ತರ್ಲಿ?" ಎಂದರು. ಅದನ್ನು ಡೋರಾಳಿಗೆ ಹೇಳಿದೆ. ಆಕೆ ತಟ್ಟೆ ನೋಡುತ್ತ, "ನನ್ನ ಕಡೆಯಿಂದ ಕ್ಷಮೆ ಕೇಳಿ" ಎಂದಳು. ಭಟ್ಟರಿಗೆ ತಿಳಿಸಿದರೆ ಅವರು ನಗಲಿಲ್ಲ. ಇನ್ನೊಂದು ದೋಸೆ ತಂದು ಹಾಕಿದರು, ಅದಕ್ಕೆ ಕಾಸು ಮುಟ್ಟಲಿಲ್ಲ.

ದಾರಿಯಲ್ಲಿ ಆಕೆ ಒಂದು ಸಣ್ಣ ನೋಟುಬುಕ್ಕು ತೆಗೆದಳು. ಇಂಡಿಯಾಕ್ಕೆ ಬಂದಮೇಲೆ ಎರಡು ಕಡೆ ಕೆಲಸ ಮಾಡಿ ಎರಡೂ ಕಡೆ ಕಳೆದುಕೊಂಡಿದ್ದಳಂತೆ. ಒಂದು ಕಡೆ ಮುಖ ನೋಡಿ ಬೇಡವೆಂದರು. ಇನ್ನೊಂದು ಕಡೆ ಉಳಿಯಲು ಕೊಟ್ಟ ಕೋಣೆಗೆ ಒಳಗಿನಿಂದ ಚಿಲಕವಿರಲಿಲ್ಲ. ಒಂದು ತಿಂಗಳು ಬಾಗಿಲಿಗೆ ಪೆಟ್ಟಿಗೆ ಅಡ್ಡ ಇಟ್ಟು ಮಲಗಿ, ಕೊನೆಗೆ ತಾನೇ ಬಿಟ್ಟು ಬಂದಳು. ಹಾಗಾಗಿ ಈಗ ಮೂರು ಪ್ರಶ್ನೆ ಬರೆದಿಟ್ಟುಕೊಂಡಿದ್ದಳು. ಬಾಗಿಲಿಗೆ ಒಳಚಿಲಕವಿದೆಯೇ? ಕರಾರು ಕಾಗದದ ಮೇಲೆ ಇದೆಯೇ? ಹೋಗು ಅನ್ನುವುದಾದರೆ ಎಷ್ಟು ದಿನ ಮುಂಚೆ ಹೇಳುತ್ತೀರಿ? "ಪರದೇಶಕ್ಕೆ ಪಾಠ ಹೇಳಲು ಹೋಗುವವರು ವ್ಯಾಕರಣಕ್ಕೆ ಮುಂಚೆ ಇದನ್ನು ಕಲಿಯಬೇಕು" ಎಂದಳು. ಇಪ್ಪತ್ತೇಳು ವರ್ಷ ಕೆಲಸ ಮಾಡಿದ ನನಗೆ ಈ ಮೂರರಲ್ಲಿ ಒಂದನ್ನೂ ಯಾರನ್ನೂ ಕೇಳಬೇಕಾಗಿ ಬಂದಿರಲಿಲ್ಲ.

ಮಧುಗಿರಿಯಲ್ಲಿ ಇಳಿಯುವಾಗ ಮೂರು ಗಂಟೆಯ ಬಿಸಿಲು. ಒಂದೇ ಬಂಡೆಯ ಆ ಬೆಟ್ಟ ಊರಿನ ನೆತ್ತಿಯ ಮೇಲೇ ಇದೆ. ಹತ್ತಿ ನೋಡುತ್ತೀಯಾ ಎಂದು ಕೇಳಿದೆ. "ಬೆಟ್ಟ ಹತ್ತುವುದು ನನಗೆ ಈ ಜನ್ಮಕ್ಕೆ ಸಾಕಾಗಿದೆ" ಎಂದಳು. ಅಷ್ಟರಲ್ಲಿ ಬಸ್ಸಿನ ಸುತ್ತ ಜನ ಸೇರಿದ್ದರು. ಯಾರೋ ಕೂಗಿದ: "ಲೇ, ಜಪಾನ್ನೋಳು ಬಂದ್ಬುಟ್ಲು ಕಣ್ಲಾ!" ಇನ್ನೊಬ್ಬ, "ಪೆಟ್ಗೆ ನೋಡ್ಲಾ, ಅದ್ರಾಗೆ ಏನೈತೋ!" ಎಂದ. ಒಂದು ಕಲ್ಲು ಬಂದು ಬಸ್ಸಿನ ತಗಡಿಗೆ ಢಣಾರೆಂದು ಬಡಿಯಿತು. ಡೋರಾ ಕೂಗಲಿಲ್ಲ, ಓಡಲಿಲ್ಲ. ಪೆಟ್ಟಿಗೆ ಕೆಳಗಿಟ್ಟು, ಎರಡೂ ಅಂಗೈ ಕಾಣುವಂತೆ ಹಿಡಿದು ನಿಂತಳು. ಹಾಗೆ ನಿಂತು ಅಭ್ಯಾಸವಿದ್ದವಳು ಎಂದು ನೋಡಿದರೇ ತಿಳಿಯುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. "ಥೂ, ನಾಚಿಕೆಯಾಗಲ್ವೇನ್ರೋ? ಜಪಾನಿನವಳಾಗಿದ್ರೆ ಏರೋಪ್ಲೇನಲ್ಲಿ ಬರ್ತಿದ್ಲು. ಹನ್ನೆರಡಾಣೆ ಕೊಟ್ಟು ಈ ಇದ್ದಿಲು ಬಸ್ಸಿನಲ್ಲಿ ಮಸಿ ಬಳಕೊಂಡು ಬರ್ತಾಳೇನ್ರೋ?" ಎಂದು ಕ್ಲಾಸಿನ ಗಂಟಲಿನಲ್ಲೇ ಗದರಿದೆ. ನಾಲ್ಕು ಜನ ನಕ್ಕರು. ನಕ್ಕಮೇಲೆ ಕಲ್ಲು ಎತ್ತುವುದು ಕಷ್ಟ.

ಕೊಡಿಗೇನಹಳ್ಳಿ ಕಡೆಯವನೊಬ್ಬ ಕಾನ್‌ಸ್ಟೇಬಲ್ ಬಂದು ನಮ್ಮನ್ನು ಮುಸಾಫಿರಖಾನೆಗೆ ಬಿಟ್ಟ. ಕಲ್ಕತ್ತದ ನಿರಾಶ್ರಿತರ ಕಚೇರಿ ಕೊಟ್ಟಿದ್ದ ಆಕೆಯ ಚೀಟಿಯನ್ನು ಬಹಳ ಹೊತ್ತು ನೋಡಿ, "ತೆಪ್ಪು ತಿಳ್ಕಬ್ಯಾಡಿ ಮೇಷ್ಟ್ರಮ್ಮ. ಜನ ಹೆಂಗೆ ಅಂದ್ರೆ, ಬೆಳ್ಗಿರೋರ್ನ ಯಾರೂ ಕೇಳಲ್ಲ. ನಮ್ಮಂಗಿರೋರ್ನೂ ಕೇಳಲ್ಲ. ಇಂಗೆ ಮಧ್ಯದಾಗಿರೋರ್ನೇ ಕೇಳೋದು" ಎಂದ. ಅದನ್ನೂ ತರ್ಜುಮೆ ಮಾಡಿ ಹೇಳಿದೆ. ಡೋರಾ ಎದ್ದು ಕೋಣೆಯ ಬಾಗಿಲಿನ ಚಿಲಕ ಎರಡು ಸಲ ಹಾಕಿ ತೆಗೆದು ನೋಡಿದಳು. ಗಟ್ಟಿಯಾಗಿತ್ತು.

ಮರುದಿನ ಮಿಡಿಗೇಶಿಯ ಮೇಲೆ ಪಾವಗಡಕ್ಕೆ. ಈ ದಾರಿಯ ತಮಾಷೆ ನೋಡಿ: ಪಾವಗಡ ನಮ್ಮ ಮಹಾರಾಜರದೇ ತಾಲ್ಲೂಕು, ಆದರೆ ಸುತ್ತ ಇಂಗ್ಲಿಷ್ ಸೀಮೆ. ಒಂದು ಕಲ್ಲು ದಾಟಿದರೆ ನಾವು ಮದರಾಸಿನವರ ನೆಲದಲ್ಲಿ, ಇನ್ನೊಂದು ಕಲ್ಲು ದಾಟಿದರೆ ಮತ್ತೆ ಮೈಸೂರು. ಕಡಲೆಕಾಯಿ ಕೀಳುವ ಕಾಲ. ಹೊಲದಲ್ಲೆಲ್ಲ ಹೆಂಗಸರು ಕುಕ್ಕರಗಾಲಲ್ಲಿ ಕೂತು ಬಿಡಿಸುತ್ತಿದ್ದರು. ಮಾತು ಬರಬರುತ್ತ ತೆಲುಗಿಗೆ ತಿರುಗಿತು. ನನಗೆ ತೆಲುಗು ಅಷ್ಟಕ್ಕಷ್ಟೇ. "ಈಗ ನಾನೂ ಪರದೇಶಿಯೇ" ಎಂದೆ. ಡೋರಾ ನಗುತ್ತ, "ನಿಮ್ಮನ್ನು ಯಾರೂ ಚೀಟಿ ಕೇಳಲಿಲ್ಲವಲ್ಲ" ಎಂದಳು. ನಾನು ಬೇಯಿಸಿದ ಕಡಲೆಕಾಯಿಯನ್ನು ಸುಲಿಯುತ್ತ ಕೂತೆ.

ಶಾಲೆಯ ಮುಖ್ಯಸ್ಥರು ಮಂಡಿ ರುದ್ರಪ್ಪನವರು. ಹಣೆಯ ತುಂಬ ವಿಭೂತಿ, ದೊಡ್ಡ ಧ್ವನಿ. "ರಾಂಡಮ್ಮಾ, ರಾಂಡಿ" ಎಂದು ತೆಲುಗಿನಲ್ಲಿ ಬನ್ನಿ ಬನ್ನಿ ಎನ್ನುತ್ತ ಎದ್ದವರು ಡೋರಾಳ ಮುಖ ನೋಡಿ ಹಾಗೇ ನಿಂತರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಏನಮ್ಮಾ ಇದು, ದೊರೆಸಾನಿ ಅಂತ ಊರಿಗೆಲ್ಲ ಹೇಳ್ಬುಟ್ಟಿದೀನಲ್ಲ!" ಎಂದರು. ನಾನು, "ನೀವು ಕೇಳಿದ್ದು ಇಂಗ್ಲಿಷು, ಬಣ್ಣ ಅಲ್ಲ. ನಾಳೆ ಒಂದು ಪಾಠ ಕೇಳಿ ನೋಡಿ" ಎಂದೆ. ಒಳ್ಳೆಯ ಮನುಷ್ಯ, ಒಪ್ಪಿ, ರಜೆಯಾದರೂ ಹುಡುಗಿಯರನ್ನು ಕೂಡಿಸಿದರು. ಮಾರನೆಯ ದಿನ ಡೋರಾ ಪುಸ್ತಕ ಮುಟ್ಟದೆ, ಒಂದು ಹಿಡಿ ಕಡಲೆಕಾಯಿ ಮೇಜಿನ ಮೇಲೆ ಹರಡಿ ಪಾಠ ಶುರು ಮಾಡಿದಳು. ಬಿತ್ತಿದ್ದು, ಕಿತ್ತದ್ದು, ಸುಲಿದದ್ದು, ತಿಂದದ್ದು. ಒಂದು ಗಂಟೆಯಲ್ಲಿ ರುದ್ರಪ್ಪನವರ ಮೊಮ್ಮಗಳು ಎದ್ದುನಿಂತು ತಾತನಿಗೆ ಇಂಗ್ಲಿಷಿನಲ್ಲಿ ಕಡಲೆಕಾಯಿ ಬೇಕೇ ಎಂದು ಕೇಳಿದಳು. ತಾತನ ಕಣ್ಣಲ್ಲಿ ನೀರು. ಕರಾರು ಕಾಗದದ ಮೇಲೆ ಬಂತು. ಕೋಣೆಗೆ ಒಳಚಿಲಕ ಹಾಕಿಸಿದರು. ಹೋಗು ಅನ್ನುವುದಾದರೆ ಮೂರು ತಿಂಗಳು ಮುಂಚೆ ಹೇಳುವುದೆಂದೂ ಬರೆದರು. ಡೋರಾ ನೋಟುಬುಕ್ಕು ಮುಚ್ಚಿದಳು.

ನಾಲ್ಕನೆಯ ದಿನ ತಾಲ್ಲೂಕು ಕಚೇರಿಯಿಂದ ಒಂದು ನಮೂನೆ ಬಂತು. ಯುದ್ಧಕಾಲ, ಹೊರನಾಡಿನವರು ತಾಲ್ಲೂಕಿನಲ್ಲಿ ನೆಲೆಸಬೇಕಾದರೆ ಮೈಸೂರು ಪ್ರಜೆಯೊಬ್ಬರು ಜಾಮೀನು ನಿಲ್ಲಬೇಕು, ಕೆಲಸ ಕೊಟ್ಟವರು ನಿಲ್ಲುವಂತಿಲ್ಲ, ವಾರದೊಳಗೆ ತರಬೇಕು. ಊರಿನ ಬೇರೆಯವರಿಗೆ ಆಕೆಯ ಗುರುತೇ ಇಲ್ಲ. ರುದ್ರಪ್ಪನವರು ನಮೂನೆಯನ್ನು ನನ್ನ ಮುಂದೆ ಇಟ್ಟು, "ನೀವೇ ಕರ್ಕೊಂಡ್ ಬಂದೋರು. ಒಂದು ರುಜು ಹಾಕ್ಬುಡಿ, ಐಪೋಯಿಂದಿ, ಮುಗ್ದೋಯ್ತು" ಎಂದರು.

ಮಸಿಕುಡಿಕೆ ನನ್ನ ಕೈಯಳತೆಯಲ್ಲೇ ಇತ್ತು. ನನಗೆ ಕಂಡದ್ದು ಮೂರು ವರ್ಷದಾಚೆಯ ಪಿಂಚಣಿ. ನಾಳೆ ಯಾರಾದರೂ ಮೂಗರ್ಜಿ ಬರೆದರೆ? ಜಪಾನಿನವಳಿಗೆ ಸರ್ಕಾರಿ ಉಪಾಧ್ಯಾಯಿನಿ ಜಾಮೀನು ಎಂದರೆ? ಮಧುಗಿರಿಯಲ್ಲಿ ಅಷ್ಟು ಜನರನ್ನು ಗದರಿದ ಬಾಯಿ ಇಲ್ಲಿ ಮೆತ್ತಗಾಯಿತು. "ನಾನು ಸರ್ಕಾರಿ ನೌಕರಳು. ಮೇಲಿನವರನ್ನು ಕೇಳದೆ ಹಾಕುವಂತಿಲ್ಲ. ಅಲ್ಲದೆ ನನಗೂ ಇವರ ಪರಿಚಯ ನಾಲ್ಕೇ ದಿನದ್ದು" ಎಂದೆ. ಎಲ್ಲವೂ ನಿಜವೇ. ರುದ್ರಪ್ಪನವರು ನಮೂನೆಯನ್ನು ಮಡಿಚಿ ನನ್ನ ಕೈಗೆ ಕೊಟ್ಟರು. ಕನ್ನಡ ತಿಳಿಯದ ಡೋರಾ, "ಏನಂತೆ?" ಎಂದು ಕೇಳಿದಳು. "ತುಮಕೂರಿನಿಂದ ಒಂದು ಕಾಗದ ಆಗಬೇಕಂತೆ, ಬಾ, ಹೋಗಿ ಮಾಡಿಸೋಣ" ಎಂದೆ. ತುಮಕೂರಿನಲ್ಲಿ ಯಾರೂ ಮಾಡಿಕೊಡುವುದಿಲ್ಲವೆಂದು ನನಗೆ ಗೊತ್ತಿತ್ತು. ಆಕೆ ಅನುಮಾನಿಸದೆ ಪೆಟ್ಟಿಗೆಗೆ ಬಟ್ಟೆ ತುಂಬಿಕೊಂಡಳು.

ಮಧುಗಿರಿಯ ಬಸ್ಸು ಕೆಟ್ಟು ನಿಂತಿದ್ದರಿಂದ ಐದನೆಯ ದಿನ ಬೆಳಿಗ್ಗೆ ಸಿರಾ ಮೇಲೆ ಹೊರಟೆವು. ಬಯಲು, ಕುರಿಮಂದೆ, ಮತ್ತೆ ಎರಡು ಗಡಿಕಲ್ಲು. ಸಿರಾದಲ್ಲಿ ಇಳಿದಾಗ ತುಮಕೂರಿನ ಬಸ್ಸಿಗೆ ಮೂರು ಗಂಟೆ ಹೊತ್ತಿತ್ತು. ಗೌಡಗೆರೆ ಕಡೆಯಿಂದ ಬಂದ ಹೆಂಗಸರು ದಾರಿಯ ಎರಡೂ ಪಕ್ಕ ಕಡಲೆಕಾಯಿ ಸುರಿದುಕೊಂಡು ಕೂತಿದ್ದರು. ನಡುವೆ ನಡೆಯುತ್ತಿದ್ದ ಡೋರಾ ಒಂದು ಅಂಗಡಿಯ ಮುಂದೆ ಗಕ್ಕನೆ ನಿಂತಳು. ಸಾಲಾಗಿ ಕರಿ ಛತ್ರಿಗಳು. ಅವುಗಳ ಮೇಲೆ, ತೊಲೆಗೆ ನೇತುಹಾಕಿದ್ದ ಒಂದೇ ಒಂದು ಕೆಂಪು ಕಾಗದದ ಛತ್ರಿ. ಬಿದಿರ ಕಡ್ಡಿ, ಮೇಲೆ ಬಣ್ಣದ ಹೂವು, ಅಂಚು ಸುಟ್ಟು ಕರಕಾಗಿತ್ತು. ಆಕೆ ಬರ್ಮಾ ಭಾಷೆಯಲ್ಲಿ ಏನೋ ಅಂದಳು. ಒಳಗೆ ಕೂತು ಕಡ್ಡಿಗೆ ತಂತಿ ಸುತ್ತುತ್ತಿದ್ದ ಮುದುಕರು ತಲೆ ಎತ್ತದೆ ಅದೇ ಭಾಷೆಯಲ್ಲಿ ಉತ್ತರ ಕೊಟ್ಟರು. ಆಮೇಲೆ ಬೆಚ್ಚಿ ತಲೆ ಎತ್ತಿದರು.

ಕರೀಂ ಸಾಹೇಬರು ಸಿರಾದಲ್ಲೇ ಹುಟ್ಟಿದವರು. ಹತ್ತೊಂಬತ್ತು ವರ್ಷ ರಂಗೂನಿನಲ್ಲಿ ಛತ್ರಿ ಅಂಗಡಿ ಇಟ್ಟಿದ್ದವರು. ಅವರೂ ಬಾಂಬು ಬಿದ್ದಾಗ ಅದೇ ಬೆಟ್ಟ ಕಾಡು ದಾಟಿ ನಡೆದು ಬಂದವರು. ಉಳಿಸಿ ತಂದದ್ದು ಆ ಛತ್ರಿಯೊಂದನ್ನು. "ಮಳೆ ಬರದ ಊರಾಗೆ ಛತ್ರಿ ಮಾರ್ತೀನಂತ ಎಲ್ಲಾ ನಗ್ತಾರೆ ಕಣಮ್ಮ. ಬಿಸ್ಲಿಗಾದ್ರೂ ತಗೊಳ್ರೋ ಅಂತೀನಿ" ಎಂದರು. ಚಹಾ ತರಿಸಿದರು. ಇಬ್ಬರೂ ಮಾತಾಡುತ್ತಲೇ ಇದ್ದರು. ಐದು ದಿನದಲ್ಲಿ ಡೋರಾ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕೊನೆಗೆ ಸಾಹೇಬರು ನನ್ನ ಕಡೆ ತಿರುಗಿ, "ಯಾವ್ದೋ ಕಾಗ್ಜ ಬೇಕಂತಲ್ಲ, ಎಲ್ಲೈತಮ್ಮ ಅದು?" ಎಂದರು. ಚೀಲದಿಂದ ನಮೂನೆ ತೆಗೆದು, ಅದು ಜಾಮೀನು, ಹೆಚ್ಚುಕಮ್ಮಿಯಾದರೆ ಹೊಣೆ ಬರುತ್ತದೆ ಎಂದೆಲ್ಲ ವಿವರಿಸಿದೆ. "ಸಮಜ್ ಆಯ್ತು. ನಂಗೆ ಉರ್ದು ಬಿಟ್ರೆ ಬರೆಯಾಕ್ ಬರಲ್ಲ. ನೀವು ಬರೀರಿ, ದಸ್ಕತ್ತು ನಾನು ಮಾಡ್ತೀನಿ."

ಬರೆಯಲು ಕೂತೆ. ಹೆಸರು, ಊರು, ಕಸುಬು ಆಯಿತು. ಮುಂದಿನ ಕಾಲಮ್ಮು: ಎಷ್ಟು ದಿನದ ಪರಿಚಯ? ಗಟ್ಟಿಯಾಗಿ ಓದಿದೆ. ಸಾಹೇಬರು, "ಬರ್ಮಾ ಘಾಟಿಯಿಂದ ಅಂತ ಬರೀರಿ" ಎಂದರು.

"ಅಲ್ಲಿ ಇವಳನ್ನು ನೋಡಿದ್ರಾ?"

"ಅಯ್ಯೋ ಅಮ್ಮಾ, ಅಲ್ಲಿ ಯಾರು ಯಾರ ಮಖ ನೋಡ್ತಿದ್ರು? ಮುಂದ್ಗಡೆ ಹೋಗೋರ ಕಾಲು ನೋಡ್ಕಂಡು ನಡೆಯೋದಷ್ಟೇ. ಈಯಮ್ಮನ ಕಾಲೂ ಇದ್ದಿರ್ತದೆ."

ಹಾಗೇ ಬರೆದೆ. ಅವರು ಇದು ಜಾಮೀನೆಂದು ಡೋರಾಳಿಗೆ ಅವಳ ಮಾತಿನಲ್ಲಿ ತಿಳಿಸಿ, ಉರ್ದುವಿನಲ್ಲಿ ನಿಧಾನವಾಗಿ ರುಜು ಹಾಕಿದರು. ನಮ್ಮಲ್ಲಿ ಯಾವ ಪತ್ರ ಬರೆದರೂ ಕೊನೆಗೆ ಬರೆದುಕೊಟ್ಟವರು "ಬಿಕ್ಕಲಂ" ಎಂದು ಬರೆದು ತಮ್ಮ ಹೆಸರು ಹಾಕುವುದು ಪದ್ಧತಿ. ಇದು ಇಂಥವರ ಕೈಬರಹ ಅನ್ನುವುದಷ್ಟೇ ಅದರ ಅರ್ಥ; ಪತ್ರದ ಹೊಣೆ ಏನೂ ಅವರದಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಬಿಕ್ಕಲಂ ಎಂದು ಬರೆದು, ದುಂಡಗೆ ನನ್ನ ಹೆಸರು ಹಾಕಿದೆ.

ಪಾವಗಡದ ಬಸ್ಸು ಹಿಂದಿರುಗುವುದಕ್ಕೆ ನಿಂತಿತ್ತು. ಇನ್ನು ನಾನು ಜೊತೆಗೆ ಹೋಗಬೇಕಾಗಿರಲಿಲ್ಲ. ಡೋರಾ ಹತ್ತಿ ಕೂತು, ಕಾಗದ ಬಿಡಿಸಿ, ತಿಳಿಯದ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಕೆಳಗಿದ್ದ ನನ್ನ ರುಜುವಿನ ಹತ್ತಿರ ಬೆರಳು ನಿಂತಿತು.

"ಇದು ನಿಮ್ಮದಲ್ಲವೇ?" ಎಂದಳು.

"ಹೌದು."

ಕಿಟಕಿಯಿಂದ ಕೈ ಚಾಚಿ ನನ್ನ ಕೈ ಹಿಡಿದಳು. "ಐದು ದಿನದ ಪರಿಚಯಕ್ಕೆ ಯಾರೂ ಹೀಗೆ ಸಹಿ ಹಾಕುವುದಿಲ್ಲ. ನಾನು ಇದನ್ನು ಮರೆಯುವುದಿಲ್ಲ" ಎಂದಳು.

ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷವಿತ್ತು. ನಿಜ ಹೇಳುವುದಕ್ಕೆ ಬೇಕಾದಷ್ಟು ಹೊತ್ತು. ನಾನು ಹೋಗಿ ಎರಡು ಸೇರು ಕಡಲೆಕಾಯಿ ಕೊಂಡು ತಂದು ಆಕೆಯ ಮಡಿಲಿಗೆ ಹಾಕಿದೆ. ಬಸ್ಸು ಹೊಗೆ ಬಿಟ್ಟು ಪಾವಗಡದ ದಾರಿಗೆ ತಿರುಗುವವರೆಗೂ ಆಕೆ ಕೈ ಬೀಸುತ್ತಲೇ ಇದ್ದಳು. ನಾನೂ ಬೀಸಿದೆ.