ದೇವಕಮ್ಮನನ್ನು ಕೇಳಿದ ದಿನ

ಗೋಗಿಯ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವ ದೇವಕಮ್ಮ ಕೈಯಾಡಿಸಿದರೆ ಸಾರಿಗೆ ಬೇರೆಯೇ ರುಚಿ ಎಂದು ಮಕ್ಕಳೆಲ್ಲ ಹೇಳುತ್ತಾರೆ. ಆಕೆಗೂ ಅದು ಗೊತ್ತು. ಹೆಡ್ಮಾಸ್ತರರು ಎದುರಿಗೆ ಬಂದು ನಿಂತರೂ ಸೌಟು ಕೆಳಗಿಡದೆ ಮಾತಾಡುವ ಗತ್ತು ಆಕೆಯದು. ಆದರೆ ಆ ಗತ್ತು ಶಾಲೆಯ ಗೇಟು ದಾಟಿ ಮನೆಯವರೆಗೆ ಬಂದದ್ದೇ ಇಲ್ಲ.

ಮನೆಯಲ್ಲಿ ಮಲ್ಲಿಕಮ್ಮ ಇದ್ದಾಳೆ. ಒಡಹುಟ್ಟಿದ ಅಕ್ಕ, ಸವತಿಯೂ ಹೌದು. ತಿಮ್ಮಣ್ಣನಿಗೆ ಮೊದಲು ಕೊಟ್ಟದ್ದು ಮಲ್ಲಿಕಮ್ಮನನ್ನೇ. ಆಕೆಗೆ ಮಕ್ಕಳಾಗಲಿಲ್ಲ, ತಂಗಿ ದೇವಕಮ್ಮನೂ ಅದೇ ಮನೆಗೆ ಬಂದಳು. ಹಡೆದವಳು ತಂಗಿ, ಎತ್ತಿ ಆಡಿಸಿ ದೊಡ್ಡವರನ್ನಾಗಿ ಮಾಡಿದವಳು ಅಕ್ಕ. ತಿಮ್ಮಣ್ಣ ತೀರಿಕೊಂಡ ಮೇಲೂ ಇಬ್ಬರ ಒಲೆ ಬೇರೆಯಾಗಲಿಲ್ಲ.

ದಸರೆಗೆ ಮುಂಚೆ ಬಚ್ಚಲಲ್ಲಿ ಜಾರಿ ಬಿದ್ದು ಮಲ್ಲಿಕಮ್ಮನ ಸೊಂಟ ಮುರಿಯಿತು. ಅಂದಿನಿಂದ ಮಂಚವೇ ಗತಿ. ಅಕ್ಕನ ಮೈ ತೊಳೆದು, ಉಣ್ಣಿಸಿ, ಪಕ್ಕದ ಮನೆಯ ಕುಬ್ರಾಬೇಗಂಳನ್ನು ಹತ್ತಿರ ಕೂರಿಸಿ ಶಾಲೆಗೆ ಓಡುವುದು, ಮತ್ತೆ ಓಡಿ ಬರುವುದು. ಈಗೀಗ ದೇವಕಮ್ಮನಿಗೆ ದಣಿವು ಕೂಡ ತಿಳಿಯುವುದಿಲ್ಲ. ಹಲ್ಲು ಕೀಳಿಸಿಕೊಂಡ ದಿನ ದವಡೆ ಇರುತ್ತದಲ್ಲ, ಹಾಗೆ ಮನಸ್ಸು ಜೋಮು ಹಿಡಿದಿದೆ.

ಹೊಸ ವರ್ಷದ ದಿನ ಸಂಜೆ ಯಾದಗಿರಿಯಿಂದ ಮಗ ಕಾಂತೇಶ, ಸುರಪುರದಿಂದ ಮಗಳು ದಾನೇಶ್ವರಿ ಬಂದರು. ಕಾಂತೇಶ ಗುಮಾಸ್ತ; ಎಂಥ ಮಾತನ್ನೂ ಫೈಲು ಮುಗಿಸಿದಂತೆ ಮುಗಿಸಿ ಎದ್ದುಬಿಡುವುದು ಅವನ ರೂಢಿ. ಕೇಕು ಕೊಯ್ದದ್ದಾಯಿತು. ಮಲ್ಲಿಕಮ್ಮನ ಗಲ್ಲಕ್ಕೆ ಹತ್ತಿದ ಕೆನೆಯನ್ನು ದೇವಕಮ್ಮ ಸೆರಗಿನಿಂದ ಒರೆಸಿದಳು.

"ಈ ವರ್ಷ ಒಂದು ವ್ಯವಸ್ಥಾ ಆಗ್ಬೇಕು," ಎಂದ ಕಾಂತೇಶ. "ದೊಡ್ಡವ್ವನ್ನ ಯಾದಗಿರಿಗಿ ಕರ್ಕೊಂಡು ಹೋಗ್ತೀನಿ. ದವಾಖಾನಿ ಸಮೀಪ ಅದ. ಅವ್ವನೂ ಅಲ್ಲೇ ಇರ್ತಾಳ."

"ಮತ್ತ ಅವ್ವನ ಸಾಲಿ?" ದಾನೇಶ್ವರಿ ಕೇಳಿದಳು.

"ಬಿಡ್ತಾಳ. ಎಷ್ಟು ದಿನ ಅಂತ ಮಂದಿ ಮಕ್ಕಳಿಗಿ ಬೇಯಿಸಿ ಹಾಕ್ತಾಳ? ನಾನೂ ನನ್ನ ಹೆಂಡ್ತೀನೂ ಡ್ಯೂಟಿಗಿ ಹೋದ್ರ ದೊಡ್ಡವ್ವನ ಹತ್ರ ಒಬ್ರು ಬೇಕಲ್ಲ."

"ಅದೂ ಖರೇ. ಅವ್ವನಷ್ಟು ಚಂದ ಯಾರು ನೋಡ್ಕೋತಾರ?"

ಹೊಗಳಿ ಹೊರೆ ಹೊರಿಸುವ ವಿದ್ಯೆ ನಮ್ಮ ಕಡೆ ಯಾವ ಮನೆಯವರಿಗೆ ಬರುವುದಿಲ್ಲ! ದೇವಕಮ್ಮ ಎದುರಿಗೇ ಕೂತಿದ್ದಳು. ಸಾಮಾನು ಸಾಗಿಸಲು ಯಾರ ಗಾಡಿ ಹೇಳಬೇಕೆಂಬುದೂ ತೀರ್ಮಾನವಾಯಿತು. ಶಾಲೆ ಬಿಡುವ ಮಾತಿಗೆ ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಇಡೀ ಊರಿನಲ್ಲಿ ಆಕೆಯದು ಅಂತ ಇದ್ದದ್ದು ಅದೊಂದೇ ಜಾಗ.

ಆಗ ಮಂಚದ ಮೇಲಿಂದ ಮಲ್ಲಿಕಮ್ಮ ಬಾಯಿಬಿಟ್ಟಳು. "ಆಕಿನ್ನ ಕೇಳೀರೇನು?"

"ಯಾರನ್ನ, ದೊಡ್ಡವ್ವ?"

"ನಿಮ್ಮವ್ವನ್ನ. ನಾನೂ ಆವಾಗ ಕೇಳಿದ್ದಿಲ್ಲ. ತವರುಮನಿ ಕೊಂಕಲ್‌ದಾಗ ಓಣಿ ಹುಡುಗೇರ ಜೋಡಿ ಆಡಾಕತ್ತಿದ್ಳು. ಹೊಸ ಸೀರಿ ಕೊಡಸ್ತೀನಿ ಬಾ ಅಂತ ಕೈ ಹಿಡಿದು ಕರ್ಕೊಂಡು ಬಂದೆ. ಬ್ಯಾರೆಯಾಕಿ ಬಂದ್ರ ನನ್ನ ಹೊರಗ ಹಾಕ್ಯಾಳಂತ ಅಂಜಿ ನನ್ನ ತಂಗೀನ್ನ ನಾನೇ ತಂದೆ. ಇವತ್ತಾದ್ರೂ ಕೇಳ್ರಿ. ಆಕಿ ಒಲ್ಲೆ ಅಂದ್ರ ನಾ ಇಲ್ಲೇ ಬೀಳ್ತೀನಿ, ಕುಬ್ರಾಬೇಗಂ ಅದಾಳ."

ಕಾಂತೇಶನ ಮುಖ ಸಣ್ಣದಾಯಿತು. "ಯವ್ವಾ, ನಿನಗೇನು ಮಾಡ್ಬೇಕನಸ್ತದ?"

ಹುಟ್ಟಿದಾಗಿನಿಂದ ಯಾರೂ ಆಕೆಯನ್ನು ಹೀಗೆ ಕೇಳಿರಲಿಲ್ಲ. ಉಪ್ಪು ಸಾಕೇ ಎಂದು ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದಳು. ಈಗ ಒಳಗೆಲ್ಲ ಹುಡುಕಿದಳು. ಬೇಕು ಅನ್ನುವುದೂ ಇರಲಿಲ್ಲ, ಬೇಡ ಅನ್ನುವುದೂ ಇರಲಿಲ್ಲ. ಅಕ್ಕನ ಮೇಲೆ ಸಿಟ್ಟಾದರೂ ಬರಬಹುದಿತ್ತು, ಅದೂ ಬರಲಿಲ್ಲ. ಎಲ್ಲರೂ ತನ್ನ ಬಾಯಿ ನೋಡುತ್ತ ಕೂತದ್ದು ಮಾತ್ರ ಆಕೆಗೆ ಮುಜುಗರವೆನಿಸಿತು.

"ನನಗ ಗೊತ್ತಾಗವಲ್ದು," ಎಂದಳು. "ನೀವೇ ಹೇಳ್ರಿ."

"ಅಂದ್ರ ಒಪ್ಪಿದಂಗಾತು." ಕಾಂತೇಶ ನಿರಾಳವಾಗಿ ಎದ್ದ. "ಸಂಕ್ರಾಂತಿ ಮುಗಿದ ಮ್ಯಾಲ ಹೋಗೋಣ."

ಮಲ್ಲಿಕಮ್ಮ ಗೋಡೆಯ ಕಡೆ ಮುಖ ತಿರುಗಿಸಿ ಬಿಕ್ಕಿದಳು. ದೇವಕಮ್ಮ ಹೋಗಿ ದಿಂಬು ಸರಿ ಮಾಡಿದಳು. ಅಕ್ಕ ಯಾಕೆ ಅಳುತ್ತಿದ್ದಾಳೆಂದು ಆಕೆಗೆ ತಿಳಿದಿತ್ತು. ತಾನೂ ಅಳಬೇಕಿತ್ತೆಂಬುದೂ ತಿಳಿದಿತ್ತು. ಮಲ್ಲಿಕಮ್ಮ ಆಕೆಯ ಮುಂಗೈ ಗಟ್ಟಿಯಾಗಿ ಹಿಡಿದಳು.

"ಒಮ್ಮ್ಯಾದ್ರೂ ಒಲ್ಲೆ ಅನ್ನು, ದೇವಕಿ."

"ಆತು, ಅಕ್ಕ," ಎಂದಳು ದೇವಕಮ್ಮ.