ತಲೆಕೆಳಗಾದ ಬುರುಡೆಗಳು

ತಲೆಬುರುಡೆ ಕಂಡರೆ ಎಲ್ಲರೂ ಅದರ ಕಣ್ಣುಗುಳಿ ನೋಡಿ ಬೆಚ್ಚುತ್ತಾರೆ. ಗೋಕಾಕದ ನಮ್ಮ ಡಾಕ್ಟರ್ ಈರಪ್ಪನವರು ಆ ಕಡೆ ನೋಡುತ್ತಲೇ ಇರಲಿಲ್ಲ. ಅದನ್ನು ತಲೆಕೆಳಗು ಮಾಡಿ, ಧೋತರದ ಮಡಿಲಲ್ಲಿಟ್ಟುಕೊಂಡು, ತಳದ ತೂತುಗಳಲ್ಲಿ ಕಸಬರಿಗೆಯ ಕಡ್ಡಿ ತೂರಿಸುತ್ತ ಕೂಡುತ್ತಿದ್ದರು. ಮಿದುಳಿನಿಂದ ಮುಖಕ್ಕೆ ಬರುವ ನರಗಳು ಆ ತೂತುಗಳಿಂದಲೇ ಇಳಿಯುತ್ತವೆ ಎಂದು ನನಗೆ ಹೇಳಿಕೊಟ್ಟವರು ಅವರೇ. ನಾನೋ ಸಾಲೆಯ ಚಿತ್ರಕಲೆಯ ಮಾಸ್ತರ, ಕುಂಬಳಕಾಯಿ, ತಂಬಿಗೆ ಬರೆಸುವವನು.

"ಮಾಸ್ತರ್ರ, ಮುಂಬಯಿಯೊಳಗ ನಾವು ಓದಿದ ಪುಸ್ತಕದಾಗ ಒಂದ ಚಿತ್ರ ಐತ್ರಿ," ಎನ್ನುತ್ತಿದ್ದರು. "ಆ ಪುಣ್ಯಾತ್ಮ ಒಂದ ಬುರುಡಿ ನೋಡಿ ಎಲ್ಲಾರದ್ದೂ ಹಿಂಗ ಅಂತ ಬರದಾನ. ಇಲ್ಲಿ ನೋಡ್ರಿ, ಎಡಗಡೆ ತೂತ ತತ್ತಿಯಂಗ, ಬಲಗಡೆದ್ದು ಬಾದಾಮಿಯಂಗ. ಒಬ್ಬನ ತಲಿಯೊಳಗ ಎರಡ ನಮೂನಿ!"

ಬುರುಡೆಗಳು ಬರುತ್ತಿದ್ದದ್ದು ಕೊಣ್ಣೂರಿನ ಹೊಳೆದಂಡೆಯಿಂದ. ಹೊಳೆ ಬಂದಾಗಲೆಲ್ಲ ಹಳೆಯ ರುದ್ರಭೂಮಿಯ ಅಂಚು ಕುಸಿದು, ಪದ್ಧತಿಯಂತೆ ಕೂತ ಭಂಗಿಯಲ್ಲೇ ಕೂಡಿಸಿ ಹೂಳಿದ ಹಿರಿಯರು ಹೊರಗೆ ಕಾಣಿಸಿಕೊಳ್ಳುತ್ತಿದ್ದರು. ಅವರನ್ನು ಮೇಲಿನ ಜಾಗದಲ್ಲಿ ಮತ್ತೆ ಮಣ್ಣು ಮಾಡುವುದು ಊರವರ ಕೆಲಸ. ನಡುವೆ ಒಂದು ದಿನದ ಮಟ್ಟಿಗೆ ಡಾಕ್ಟರು ಬೇಡಿ ತರುತ್ತಿದ್ದರು. ಊರ ಹಿರಿಯ ಚನ್ನಬಸಪ್ಪಜ್ಜನ ಷರತ್ತು ಒಂದೇ: "ದೀಪ ಹಚ್ಚೂದ್ರೊಳಗ ನಮ್ಮ ಹಿರ್ಯಾರು ನಮಗ ವಾಪಸ್ ಬರಬೇಕು ನೋಡ್ರಿ. ವಿಭೂತಿ ಹಚ್ಚೇ ಕಳಿಸ್ರಿ."

ಹಾಗಾಗಿ ಇಟ್ಟುಕೊಳ್ಳುವ ಮಾತಿಲ್ಲ, ಚಿತ್ರ ಬರೆದುಕೊಳ್ಳಬೇಕು. ಅದು ನನ್ನ ಪಾಲಿಗೆ ಬಂತು. ತೂತು ಕೂದಲೆಳೆಯಷ್ಟು ಆಚೀಚೆಯಾದರೂ ಡಾಕ್ಟರು ರಬ್ಬರು ಮುಂದೆ ಸರಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸತ್ತವರ ತೂತಿಗೆ ಇಷ್ಟೇಕೆ ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಸತ್ತವ್ರಿಗಲ್ರಿ. ನಮ್ಮಕ್ಕಗ," ಎಂದರು.

ಅಕ್ಕ ಗಂಗವ್ವ ಮೂಡಲಗಿಯಲ್ಲಿದ್ದರು. ಅವರ ಮುಖದ ಎಡಭಾಗದಲ್ಲಿ ಮಿಂಚು ಹೊಡೆದಂಥ ನೋವು. ಗಾಳಿ ತಾಕಿದರೂ ಚೀರುತ್ತಿದ್ದರು. ರೊಟ್ಟಿ ಅಗಿಯಲಾಗದೆ ಅಂಬಲಿ ಕುಡಿದು ಒಣಗಿಹೋಗಿದ್ದರು. ಗಲ್ಲದಿಂದ ಉದ್ದ ಸೂಜಿ ಏರಿಸಿ, ಬುರುಡೆಯ ತಳದ ತೂತಿನಲ್ಲಿ ಹಾಯಿಸಿ, ನರಕ್ಕೆ ಸ್ಪಿರಿಟ್ಟು ಬಿಟ್ಟರೆ ಆ ನೋವು ಅಡಗುತ್ತದೆ. ಡಾಕ್ಟರು ಪುಸ್ತಕದಲ್ಲಿದ್ದಂತೆ ಒಮ್ಮೆ ಮಾಡಿ ನೋಡಿದ್ದರು. ಸೂಜಿ ಎಲುಬಿಗೆ ಬಡಿದು ನಿಂತಿತ್ತು. ಆಗ ಅಕ್ಕ, "ತಮ್ಮಾ, ದೇವ್ರು ನನಗ ತೂತ ಇಡೂದ ಮರತಾನೇನೋ?" ಎಂದಿದ್ದರಂತೆ. ಆ ಮಾತು ತಮ್ಮನನ್ನು ಕೊರೆಯುತ್ತಿತ್ತು.

ಒಂದು ಮಳೆಗಾಲದಲ್ಲಿ ಬಂದ ಬುರುಡೆಯಲ್ಲಿ ತೂತಿನ ಎದುರಿಗೆ ಎಲುಬಿನ ಸಣ್ಣ ಅಡ್ಡಪಟ್ಟಿ ಇತ್ತು. ಮುಂದಿನಿಂದ ಕಡ್ಡಿ ಹೋಗಲೊಲ್ಲದು. ಕೆಳಗಿನಿಂದ, ತುಸು ಒಳಮಗ್ಗುಲಿಗೆ ಏರಿಸಿದರೆ ಸರಾಗ. ಡಾಕ್ಟರು ಕಡ್ಡಿಯನ್ನು ಹೊರಗೆಳೆದು ಮತ್ತೆ ಮತ್ತೆ ಎರಡೂ ಕಡೆಯಿಂದ ತೂರಿಸಿ ನೋಡಿದರು.

"ಅಕ್ಕಂದೂ ಹಿಂಗ ಇರಬೇಕ್ರಿ ಮಾಸ್ತರ್ರ. ಸೂಜಿ ಇಲ್ಲೇ ತಡದಿತ್ತು."

ಆ ದಿನ ಒಂದೇ ಚಿತ್ರವನ್ನು ಮೂರು ಮಗ್ಗುಲಿನಿಂದ ಬರೆದೆ. ಸಿಟ್ಟು ಬರಲಿಲ್ಲ.

ಎರಡನೆಯ ಸಲ ಅಕ್ಕನಿಗೆ ಸೂಜಿ ಹಾಕುವಾಗ ಚಿತ್ರ ಹಿಡಿದು ಪಕ್ಕದಲ್ಲಿ ನಿಂತವನು ನಾನೇ. "ಅಕ್ಕಾ, ನೋವು ಹೋದ್ರ ಆ ಕಡೆ ಮುಟ್ಟಿದ್ದೂ ತಿಳಿಯೂದಿಲ್ಲ. ವಿಚಾರ ಮಾಡು," ಎಂದರು ಡಾಕ್ಟರು.

"ಹೋಗ್ಲಿ ಬಿಡೋ. ನಾ ರೊಟ್ಟಿ ತಿನಬೇಕು."

ಸೂಜಿ ಕೆಳಗಿನಿಂದ ಏರಿತು. ಎಲ್ಲೂ ತಡೆಯಲಿಲ್ಲ. ಸಂಜೆಗೆ ಅಕ್ಕ ಜೋಳದ ರೊಟ್ಟಿ, ಪುಂಡಿಪಲ್ಲೆ ಉಂಡರು. ಡಾಕ್ಟರು ಎದುರಿಗೆ ಕೂತು, ಅವರು ಅಗಿಯುವುದನ್ನೇ ನೋಡುತ್ತಿದ್ದರು.

ಕೆಲವು ವರ್ಷಗಳ ಮೇಲೆ ಹುಕ್ಕೇರಿಯ ಕಡೆ ವಾಂತಿಭೇದಿ ಬಂತು. ನೋಡಲು ಹೋದ ಡಾಕ್ಟರು ಅದೇ ಬೇನೆ ಹಿಡಿದು ಅಲ್ಲೇ ತೀರಿಕೊಂಡರು. ಅಂಥ ಹಟಮಾರಿ ಮನುಷ್ಯ ನನಗೆ ಮತ್ತೆ ಸಿಗಲಿಲ್ಲ. ಬಹಳ ಬೇಕಾಗಿದ್ದರು ನನಗೆ.

ಅವರನ್ನು ಕೂಡಿಸಿ ಮಣ್ಣು ಕೊಡುವಾಗ ಅಕ್ಕ ಗುಣಿಯ ಅಂಚಿನಲ್ಲಿ ಕೂತಿದ್ದರು. ಬಲಗಲ್ಲವನ್ನು ಸೆರಗಿನಿಂದ ಒರೆಸಿಕೊಳ್ಳುತ್ತಲೇ ಇದ್ದರು. ಎಡಗಡೆಯ ಕಣ್ಣೀರು ಗದ್ದದವರೆಗೆ ಇಳಿದು ಕುಪ್ಪಸ ತೋಯಿಸುತ್ತಿತ್ತು. ಅದು ಅವರಿಗೆ ಗೊತ್ತೇ ಆಗಲಿಲ್ಲ.