ಅರಿಶಿನ ಹಚ್ಚಿದ ಷೇರು ಪತ್ರ

ಷೇರು ಎಂದರೆ ಏನೆಂದು ನನಗೆ ಸರಿಯಾಗಿ ಗೊತ್ತಾದದ್ದು ನಮ್ಮ ಯಜಮಾನರು ತೀರಿಕೊಂಡ ಮೇಲೆ. ಅದಕ್ಕೆ ಮುಂಚೆ ನನ್ನ ಮಟ್ಟಿಗೆ ಷೇರು ಎಂದರೆ ವರ್ಷಕ್ಕೆ ಎರಡು ಇಟ್ಟಿಗೆ.

ಕೆಂಗೇರಿಯ ಆಚೆ ಒಂದು ಸಣ್ಣ ಇಟ್ಟಿಗೆ ಕಂಪನಿ ಇದೆ. ವಿಜಯನಗರದಲ್ಲಿ ನಾವು ಮನೆ ಕಟ್ಟಿದಾಗ ಇಟ್ಟಿಗೆ ಬಂದದ್ದು ಅಲ್ಲಿಂದಲೇ. ಆಗ ಯಜಮಾನರು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಲಾರಿ ಬಂದ ದಿನವೆಲ್ಲ ರಜೆ ಹಾಕಿ ನಿಂತುಬಿಡುತ್ತಿದ್ದರು. ಎರಡೆರಡು ಇಟ್ಟಿಗೆ ಎತ್ತಿ, ಒಂದಕ್ಕೊಂದು ತಟ್ಟಿ, ತಲೆ ಓರೆ ಮಾಡಿ ಕೇಳುತ್ತಿದ್ದರು. ಚೆನ್ನಾಗಿ ಬೆಂದ ಇಟ್ಟಿಗೆ ಠಣ್ ಎನ್ನುತ್ತದೆ, ಬೇಯದೆ ಉಳಿದದ್ದು ದೊಪ್ ಎನ್ನುತ್ತದೆ ಎಂದು ಮೇಸ್ತ್ರಿಯೇ ಅವರಿಗೆ ಹೇಳಿಕೊಟ್ಟಿದ್ದ. ಹೇಳಿಕೊಟ್ಟು ಕೆಟ್ಟೆ ಎಂದು ಅವನಿಗೆ ಆಮೇಲೆ ಅನ್ನಿಸಿರಬೇಕು. "ಸಾರ್, ನೀವು ಇಟ್ಟಿಗೆ ತರಿಸಿದ್ದೀರೋ, ತಬಲ ತರಿಸಿದ್ದೀರೋ?" ಎಂದು ಒಂದು ದಿನ ಕೇಳಿಯೇಬಿಟ್ಟ.

ಕೆಲವು ವರ್ಷ ಕಳೆದ ಮೇಲೆ ಆ ಕಂಪನಿಯವರಿಗೆ ಇಟ್ಟಿಗೆ ಸುಡುವ ಹೊಸ ಗೂಡು ಕಟ್ಟಲು ಹಣ ಬೇಕಾಯಿತು. ಹಳೆಯ ಗಿರಾಕಿಗಳಿಗೆಲ್ಲ ಷೇರು ಕೊಡುತ್ತೇವೆ ಎಂದು ಕಾಗದ ಬರೆದರು. ಬೇರೆ ಯಾರಾದರೂ ಆಗಿದ್ದರೆ ಲಾಭ ಎಷ್ಟು, ಸಾಲ ಎಷ್ಟು ಎಂದು ವಿಚಾರಿಸುತ್ತಿದ್ದರು. ಇವರು ಮಹಡಿಯ ಮೇಲೆ ಮಿಕ್ಕಿದ್ದ ಎರಡು ಇಟ್ಟಿಗೆ ತಂದು ಅಡುಗೆಮನೆ ಬಾಗಿಲಲ್ಲಿ ನಿಂತು ತಟ್ಟಿದರು.

"ಕೇಳಿಸ್ತಾ?"

"ಕೇಳಿಸ್ತು. ಅದಕ್ಕೇನೀಗ?"

"ಇಂಥ ಇಟ್ಟಿಗೆ ಮಾಡೋರು ಮುಳುಗಲ್ಲ ಕಣೇ."

ಫ್ರಿಜ್ಜಿಗೆಂದು ಎತ್ತಿಟ್ಟಿದ್ದ ದುಡ್ಡು ಅಲ್ಲಿಗೆ ಹೋಯಿತು. ಇನ್ನೂ ಮೂರು ಬೇಸಿಗೆ ನಾನು ಹಾಲನ್ನು ದಿನಕ್ಕೆರಡು ಸಲ ಕಾಯಿಸಿಕೊಂಡೇ ಇದ್ದೆ.

ಕಂಪನಿ ಮುಳುಗಲಿಲ್ಲ, ನಿಜ. ಏಳಲೂ ಇಲ್ಲ. ಊರೆಲ್ಲ ಸಿಮೆಂಟ್ ಬ್ಲಾಕಿಗೆ ತಿರುಗಿಕೊಂಡಿತು. ಲಾಭಾಂಶ ಎಂದು ಬರುತ್ತಿದ್ದದ್ದು ತಿಂಗಳ ಹಾಲಿಗೂ ಸಾಲದು; ಕೆಲವು ವರ್ಷ ಅದೂ ಇಲ್ಲ. ಆದರೆ ಆ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ವರ್ಷಕ್ಕೊಮ್ಮೆ ಷೇರುದಾರರ ಸಭೆ, ಗೂಡಿನ ಪಕ್ಕದ ಶೆಡ್ಡಿನಲ್ಲೇ. ಖಾರಾಬಾತು, ಕೇಸರಿಬಾತು, ಕಾಫಿ. ಹೊರಡುವಾಗ ಒಬ್ಬೊಬ್ಬರಿಗೂ ಆ ವರ್ಷ ಸುಟ್ಟ ಎರಡು ಇಟ್ಟಿಗೆ. ಬಹಳ ಜನ ಅದನ್ನು ಗೇಟಿನ ಹತ್ತಿರವೇ ಬಿಟ್ಟು ಹೋಗುತ್ತಿದ್ದರಂತೆ. ಇವರು ಬಟ್ಟೆಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ತರುತ್ತಿದ್ದರು. ತರುವ ಮುಂಚೆ ಅಲ್ಲೂ ತಟ್ಟಿ ನೋಡಿ, ಸರಿಯಿಲ್ಲದಿದ್ದರೆ ಬದಲಾಯಿಸಿಕೊಂಡು, ಹಿಂದೆ ನಿಂತವರ ಕೈಲಿ ಅನ್ನಿಸಿಕೊಂಡು ಬರುತ್ತಿದ್ದರು.

ಮಹಡಿಯ ಮೇಲೆ ನೀರಿನ ಟ್ಯಾಂಕಿನ ನೆರಳಿನಲ್ಲಿ ನಾನು ಕೂತು ಸೊಪ್ಪು ಬಿಡಿಸಲು ಒಂದು ಕಟ್ಟೆ ಕಟ್ಟಿಸಬೇಕೆಂದು ಅವರ ಲೆಕ್ಕ. ಕಟ್ಟೆಗೆ ಅರವತ್ತು ಇಟ್ಟಿಗೆ ಬೇಕೆಂದು ಮೇಸ್ತ್ರಿ ಹೇಳಿದ್ದ. ಅರವತ್ತು ಇಟ್ಟಿಗೆ ಕೊಂಡು ತಂದರೆ ಒಂದು ದಿನದ ಕೆಲಸ. ಹೇಳಿ ಹೇಳಿ ನನಗೆ ಸಾಕಾಗಿತ್ತು.

"ಕೊಂಡ್ಕೊಂಡು ಬಂದ್ರೆ ಅದು ಅಂಗಡಿ ಇಟ್ಟಿಗೆ. ಇದು ನಮ್ಮ ಕಂಪನಿದು" ಎನ್ನುತ್ತಿದ್ದರು.

ಹನ್ನೊಂದು ವರ್ಷಕ್ಕೆ ಇಪ್ಪತ್ತೆರಡು ಇಟ್ಟಿಗೆಯಾಯಿತು. ಹನ್ನೆರಡನೆಯ ಸಭೆಗೆ ಇನ್ನೂ ಏಳೆಂಟು ತಿಂಗಳಿತ್ತು. ಒಂದು ಬೆಳಿಗ್ಗೆ ಮುಖ ತೊಳೆಯಲು ಹೋದವರು ಬಚ್ಚಲುಮನೆಯಲ್ಲಿ ಕುಸಿದರು. ಆಸ್ಪತ್ರೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ನಮಗೆ ಮಕ್ಕಳಿಲ್ಲ. ಕಾಗದಪತ್ರದ ಓಡಾಟಕ್ಕೆ ಜೊತೆಗೆ ಬಂದವನು ಮೈದುನ. ಬಸವೇಶ್ವರನಗರದಲ್ಲಿದ್ದಾನೆ, ಒಳ್ಳೆಯವನು, ಬಾಯಿ ಮಾತ್ರ ಸ್ವಲ್ಪ ಜಾಸ್ತಿ. ಪಿಂಚಣಿ, ಬ್ಯಾಂಕು, ಮನೆಯ ಖಾತೆ ಎಲ್ಲವನ್ನೂ ಅವನೇ ನಿಂತು ಮಾಡಿಸಿದ. ಕೊನೆಗೆ ಉಳಿದದ್ದು ಷೇರು ಪತ್ರ.

"ಅದನ್ನ ಬಿಟ್ಬಿಡಿ ಅತ್ತಿಗೆ. ಓಡಾಡೋ ಆಟೋ ದುಡ್ಡೂ ಹುಟ್ಟಲ್ಲ" ಎಂದ. ಆಮೇಲೆ ನಗುತ್ತಾ, "ಅಣ್ಣ ಒಬ್ಬ ಇಟ್ಟಿಗೆ ಸಾಹುಕಾರ" ಎಂದ.

ಅವರು ಇದ್ದಾಗಲೂ ಅವನು ಹಾಗೆಯೇ ಅನ್ನುತ್ತಿದ್ದ. "ಇಟ್ಟಿಗೆ ಸಾಹುಕಾರ್ರು ಬಂದ್ರು, ದಾರಿ ಬಿಡಿ" ಎಂದರೆ ಅವರೂ ನಗುತ್ತಿದ್ದರು. ಈಗ ನಗಲು ಅವರಿಲ್ಲ. ಮಾತು ನೇರವಾಗಿ ಬಂದು ನನಗೆ ತಾಗಿತು. ಷೇರು ನನ್ನ ಹೆಸರಿಗೆ ಆಗಲೇಬೇಕು, ಆ ವರ್ಷದ ಸಭೆಗೆ ನಾನು ಹೋಗಿ ಎರಡು ಇಟ್ಟಿಗೆ ತರಲೇಬೇಕು ಎಂದು ಆ ನಿಮಿಷದಲ್ಲಿ ಹಟ ಬಂತು. ಅವರು ಇದ್ದಾಗ ಅದೇ ಇಟ್ಟಿಗೆಗೆ ಬೈದವಳು ನಾನೇ.

ಕಂಪನಿಯ ಆಫೀಸು ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ, ಒಂದು ಬೈಂಡಿಂಗ್ ಅಂಗಡಿಯ ಮೇಲೆ. ಒಂದೇ ಕೋಣೆ, ಒಬ್ಬರೇ ಗುಮಾಸ್ತರು. ನಮ್ಮ ಯಜಮಾನರಿಗಿಂತ ವಯಸ್ಸಾದವರು. ಮರಣ ಪತ್ರ, ವಂಶವೃಕ್ಷ, ಛಾಪಾ ಕಾಗದದ ಪ್ರಮಾಣಪತ್ರ, ಎಲ್ಲವನ್ನೂ ಒಂದೊಂದಾಗಿ ತಿರುವಿ ಪಕ್ಕಕ್ಕಿಟ್ಟರು. ಷೇರು ಪತ್ರ ಬಂದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದೇನಮ್ಮ, ಷೇರ್ ಸರ್ಟಿಫಿಕೇಟೋ, ಮದುವೆ ಪತ್ರಿಕೆಯೋ?"

ತಪ್ಪು ನನ್ನದೇ. ಪ್ರತಿ ವರ್ಷ ವರಮಹಾಲಕ್ಷ್ಮಿ ಹಬ್ಬದ ದಿನ ಕಲಶದ ಮುಂದೆ ಒಡವೆ, ಬ್ಯಾಂಕಿನ ಪಾಸ್‌ಬುಕ್ಕು, ಮನೆಯ ಪತ್ರ ಇಡುವುದು ನಮ್ಮತ್ತೆಯ ಕಾಲದಿಂದ ನಡೆದು ಬಂದದ್ದು. ಷೇರು ಪತ್ರ ಬಂದ ವರ್ಷ ಯಜಮಾನರು ಅದನ್ನೂ ತಂದಿಟ್ಟರು. ಹೊಸ ಕಾಗದ, ಶುಭವಾಗಲಿ ಎಂದು ನಾನು ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಕುಂಕುಮ ಇಟ್ಟೆ. ಮುಂದಿನ ವರ್ಷ ಮರೆತರೆ ಅವರೇ ನೆನಪಿಸಿದರು: "ಇದಕ್ಕಿಡಲ್ವೇನೇ?" ಹೀಗೆ ಹನ್ನೊಂದು ಹಬ್ಬ. ಒಂದು ಮೂಲೆಯಲ್ಲಿ ಪತ್ರದ ನಂಬರಿತ್ತು, ಇನ್ನೊಂದು ಮೂಲೆಯಲ್ಲಿ ನಿರ್ದೇಶಕರ ಸಹಿ. ಈಗ ಎರಡು ಕಡೆಯೂ ಕೆಂಪು ಹಳದಿ ಗಟ್ಟಿ ಕಲೆ ಬಿಟ್ಟರೆ ಏನೂ ಕಾಣದು.

"ನಂಬರ್ ನಿಮ್ಮ ರಿಜಿಸ್ಟರಲ್ಲಿ ಇಲ್ವಾ ಸಾರ್?" ಎಂದು ಕೇಳಿದೆ.

"ಇದೆ."

"ಮತ್ತೆ?"

"ರಿಜಿಸ್ಟರಲ್ಲಿ ಇರೋದನ್ನ ಪತ್ರದ ಜೊತೆ ತಾಳೆ ನೋಡ್ಬೇಕಮ್ಮ. ಪತ್ರದಲ್ಲಿ ಏನೂ ಇಲ್ಲ. ಏನನ್ನ ತಾಳೆ ನೋಡ್ಲಿ? ಡೂಪ್ಲಿಕೇಟ್ ತಗೋಬೇಕು. ಪತ್ರ ಕಳೆದುಹೋಗಿದೆ ಅಂತ ಪೊಲೀಸ್ ಸ್ಟೇಷನ್‌ನಲ್ಲಿ ಬರೆಸಿ, ಕಾಪಿ ತನ್ನಿ."

"ಕಳೆದಿಲ್ವಲ್ಲ ಸಾರ್. ನಿಮ್ಮ ಕೈಲೇ ಇದೆ."

ಅವರು ಕೈಯನ್ನೊಮ್ಮೆ ನೋಡಿಕೊಂಡರು. "ಇದೆ. ಆದ್ರೆ ಇದ್ದೂ ಇಲ್ಲ" ಎಂದು ಪತ್ರವನ್ನು ನನ್ನ ಕಡೆಗೆ ತಳ್ಳಿದರು.

ಮೈದುನನ ಜೊತೆ ಠಾಣೆಗೆ ಹೋದೆ. ಅಲ್ಲಿದ್ದ ಮುಖ್ಯ ಪೇದೆ ಪೆನ್ನು ತೆಗೆದು, "ಎಲ್ಲಿ ಕಳೀತಮ್ಮ?" ಎಂದರು.

"ಕಳೆದಿಲ್ಲ ಸಾರ್" ಎಂದೆ.

ಪೆನ್ನು ಕೆಳಗಿಟ್ಟರು. ನಡೆದದ್ದನ್ನು ಹೇಳಿ ಚೀಲದಿಂದ ಪತ್ರ ತೆಗೆದು ತೋರಿಸಿದೆ. ಅರಿಶಿನ ಕುಂಕುಮ ಕಂಡದ್ದೇ ಅವರು ಅದನ್ನು ಕಣ್ಣಿಗೆ ಒತ್ತಿಕೊಂಡು, ಆಮೇಲೆ ಓದಿದರು.

"ಕೈಲಿರೋದನ್ನ ಕಳೆದಿದೆ ಅಂತ ನಾನು ಹೆಂಗಮ್ಮ ಬರ್ಕೊಳ್ಲಿ?"

ಮೈದುನ ನನ್ನ ಕಡೆ ಬಾಗಿ, "ಬಸ್ಸಲ್ಲಿ ಬಿದ್ದೋಯ್ತು ಅಂತ ಹೇಳಿ ಅತ್ತಿಗೆ, ಮುಗೀತು" ಎಂದ. ಅವನ ಪಿಸುಮಾತು ಯಾವಾಗಲೂ ಬೀದಿಗೆ ಕೇಳುತ್ತದೆ.

"ಸ್ವಾಮಿ, ಸುಳ್ಳು ಹೇಳೋದಾದ್ರೆ ಹೊರಗಡೆ ಮಾತಾಡ್ಕೊಂಡು ಬನ್ನಿ. ನನ್ನ ಮುಂದೇನೇ ತೀರ್ಮಾನ ಮಾಡಿದ್ರೆ ನಾನೇನ್ ಮಾಡ್ಲಿ?" ಎಂದರು ಪೇದೆ.

ಹೊರಗೆ ಬಂದೆವು. ಮೈದುನ ಒಂದು ಹಾಳೆಯಲ್ಲಿ ತಾನೇ ಬರೆದ: ಇಂಥ ದಿನ, ವಿಜಯನಗರದಿಂದ ರಾಜಾಜಿನಗರಕ್ಕೆ ಹೋಗುವಾಗ, ನನ್ನ ಅಜಾಗರೂಕತೆಯಿಂದ ಪತ್ರ ಕಳೆದುಹೋಗಿದೆ. ಸಹಿ ಹಾಕಿ ಎಂದು ಪೆನ್ನು ಕೊಟ್ಟ. ನನ್ನ ಕೈ ಏಳಲಿಲ್ಲ. ನಮ್ಮ ಯಜಮಾನರು ಮೂರು ಸಲ ಬೀರು ಬದಲಾಯಿಸಿದಾಗಲೂ ಆ ಕಾಗದವನ್ನು ಮಡಿಕೆ ಬೀಳದಂತೆ ಇಟ್ಟಿದ್ದರು. ಹಾಲಿನ ಕೂಪನ್ನಿನಿಂದ ಹಿಡಿದು ಮನೆಯಲ್ಲಿ ಏನು ಕಳೆದರೂ ಕಳೆದವಳು ನಾನೇ ಆಗಿರುತ್ತಿದ್ದೆ. ಇದನ್ನೊಂದು ನಾನು ಕಳೆದಿರಲಿಲ್ಲ. ಇದನ್ನೂ ಕಳೆದೆ ಎಂದು ಬರೆದು ಕೊಡುವುದು ನನ್ನಿಂದಾಗಲಿಲ್ಲ.

"ನಾನು ಹಾಕಲ್ಲಪ್ಪ."

"ಅತ್ತಿಗೆ, ಒಂದು ಸಹಿ."

"ಹಾಕಲ್ಲ ಅಂದ್ನಲ್ಲ."

"ಹಂಗಾದ್ರೆ ಇಬ್ರೂ ಸೇರ್ಕೊಂಡು ಇಟ್ಟಿಗೆ ತಟ್ತಾ ಇರಿ" ಎಂದವನು, ಇಬ್ಬರು ಎಂದದ್ದು ತನಗೇ ಕೇಳಿಸಿ, ಹಾಳೆ ಮಡಿಸಿ ಜೇಬಿಗಿಟ್ಟ. ಆಟೋ ಹಿಡಿದು ನನ್ನನ್ನು ಮನೆಗೆ ಬಿಟ್ಟ.

ಮಾರನೆಯ ದಿನ ಒಬ್ಬಳೇ ಆಫೀಸಿಗೆ ಹೋದೆ. ಡಬ್ಬಿಯಲ್ಲಿ ಚಿತ್ರಾನ್ನ ತೆಗೆದುಕೊಂಡು ಹೋಗಿದ್ದೆ. ಗುಮಾಸ್ತರು ಕಾಪಿ ತಂದಿರಾ ಎಂದರು. ಇಲ್ಲ ಎಂದೆ. ಮತ್ತೇಕೆ ಬಂದಿರಿ ಎಂದರು. ಕೂತುಕೊಳ್ಳಲು ಬಂದೆ ಎಂದೆ. ನಾನು ಜಗಳವಾಡಲು ಹಾಗೆ ಹೇಳಿದ್ದಲ್ಲ. ಬೇರೆ ಏನು ಮಾಡಬೇಕೆಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಮಧ್ಯಾಹ್ನ ಅವರು ಊಟ ಮಾಡಿದರು, ನಾನೂ ಮಾಡಿದೆ. ಯಾರೋ ಒಬ್ಬರು ಬಂದು ಬಿಲ್ಲು ತೆಗೆದುಕೊಂಡು ಹೋದರು. ಕೆಳಗೆ ಬೈಂಡಿಂಗ್ ಯಂತ್ರ ಕಾಗದ ಕತ್ತರಿಸಿದಾಗಲೆಲ್ಲ ನನ್ನ ಕುರ್ಚಿ ನಡುಗುತ್ತಿತ್ತು. ನಾಲ್ಕು ಗಂಟೆಯ ಹೊತ್ತಿಗೆ ಗುಮಾಸ್ತರಿಗೆ ತಡೆಯಲಾಗಲಿಲ್ಲ.

"ಅಮ್ಮ, ನೀವು ಹಿಂಗೆ ಕೂತ್ರೆ ನಂಗೆ ಕೆಲಸ ಮಾಡೋಕಾಗಲ್ಲ."

"ನಾನೇನೂ ಮಾತಾಡ್ತಿಲ್ವಲ್ಲ ಸಾರ್."

"ಅದೇ ಕಷ್ಟ" ಎಂದು ಅವರು ಮೇಜಿನ ಕೆಳಗಿನ ಡ್ರಾಯರ್ ಎಳೆದರು. ಸಿಕ್ಕಿಕೊಂಡಿತ್ತು, ಎರಡು ಸಲ ಎಳೆಯಬೇಕಾಯಿತು. ಒಳಗಿಂದ ಅಂಚು ಹಳದಿಯಾದ ಒಂದು ನಮೂನೆ ತೆಗೆದರು. ಹಾಳಾದ ಪತ್ರವನ್ನು ಒಪ್ಪಿಸಿ ಹೊಸದನ್ನು ಪಡೆಯಲು ಅರ್ಜಿ. ಪೊಲೀಸೂ ಬೇಡ, ಸುಳ್ಳೂ ಬೇಡ, ಹಳೆಯ ಪತ್ರ ಒಪ್ಪಿಸಿದರೆ ಸಾಕು.

"ಇದು ಮೊದಲಿಂದಾನೂ ಇತ್ತಾ ಸಾರ್?"

"ಇತ್ತು."

"ಮತ್ತೆ ನನ್ನನ್ನ ಸ್ಟೇಷನ್‌ಗೆ ಕಳಿಸಿದ್ರಲ್ಲ?"

"ಇದನ್ನ ಯಾರೂ ಇದುವರೆಗೂ ಕೇಳಿರಲಿಲ್ಲಮ್ಮ. ನೀವೂ ಕೇಳಲಿಲ್ಲ."

ಇರುವುದೇ ಗೊತ್ತಿಲ್ಲದ್ದನ್ನು ಹೇಗೆ ಕೇಳುವುದು? ಆದರೆ ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಡ್ರಾಯರ್ ಮತ್ತೆ ಮುಚ್ಚಿಕೊಂಡೀತೆಂದು ಹೆದರಿ ಅರ್ಜಿಯನ್ನು ಅಲ್ಲೇ ತುಂಬಿದೆ. ಹಳೆಯ ಪತ್ರ ಇನ್ನು ಕಂಪನಿಗೇ ಸೇರುತ್ತದೆ ಎಂದು ಅವರು ಹೇಳಿದಾಗ ಮಾತ್ರ ಕೈ ತಡೆಯಿತು. ಕೆಳಗೆ ಹೋಗಿ ಪಕ್ಕದ ಅಂಗಡಿಯಲ್ಲಿ ಒಂದು ಜೆರಾಕ್ಸ್ ಮಾಡಿಸಿಕೊಂಡು ಬಂದೆ. ಹನ್ನೊಂದು ಹಬ್ಬದ ಅರಿಶಿನ ಕುಂಕುಮ ಅದರಲ್ಲಿ ನಾಲ್ಕು ಕಪ್ಪು ಮಚ್ಚೆಯಾಗಿ ಬಂದಿದೆ. ಅದೂ ಇರಲಿ ಎಂದು ಇಟ್ಟುಕೊಂಡಿದ್ದೇನೆ.

ಹೊಸ ಪತ್ರ ಬಂದದ್ದು ಸಭೆಗೆ ಒಂಬತ್ತು ದಿನ ಇದೆ ಎನ್ನುವಾಗ. ಆ ವರ್ಷ ನಮಗೆ ಹಬ್ಬವಿರಲಿಲ್ಲ. ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನಲ್ಲಿಟ್ಟೆ. ಮುಂದಿನ ವರ್ಷ ಅರಿಶಿನವೇನಿದ್ದರೂ ಕವರಿಗೆ.

ಸಭೆಯಲ್ಲಿ ಮೂವತ್ತು ಜನವೂ ಇರಲಿಲ್ಲ. ಸಹಿ ಮಾಡುವ ಪುಸ್ತಕದಲ್ಲಿ ಅವರ ಹೆಸರಿನ ಮೇಲೆ ಕೆಂಪು ಗೀಟು ಎಳೆದು ಅದರ ಪಕ್ಕದಲ್ಲೇ ನನ್ನ ಹೆಸರು ಬರೆದಿದ್ದರು. ಬಾಗಿಲಲ್ಲಿ ಕೂತಿದ್ದ ಗುಮಾಸ್ತರು, "ಇಲ್ಲಿ ಹಾಕಮ್ಮ" ಎಂದು ಬೆರಳಿಟ್ಟು ತೋರಿಸಿದರು. ಹಾಕಿದೆ. ಮುಂದೆ ಕೂತವರು ವರದಿ ಓದಿದರು. ಈ ವರ್ಷವೂ ಲಾಭಾಂಶ ಇಲ್ಲವೆಂದು ತಿಳಿಯಿತು. ಯಾರೂ ಏನೂ ಕೇಳಲಿಲ್ಲ, ಕೇಸರಿಬಾತು ಬಂತು. ಇದಕ್ಕೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬರುತ್ತಿದ್ದರಲ್ಲ ಎಂದು ಯಜಮಾನರ ಮೇಲೆ ಸಿಟ್ಟೇ ಬಂತು.

ಗೇಟಿನ ಹತ್ತಿರ ಒಬ್ಬರು ಎರಡೆರಡು ಇಟ್ಟಿಗೆ ಕೊಡುತ್ತಿದ್ದರು. ತೆಗೆದುಕೊಂಡು ಸುಮ್ಮನೆ ಚೀಲಕ್ಕೆ ಹಾಕಬೇಕೆಂದಿದ್ದೆ. ಕೈ ಕೇಳಲಿಲ್ಲ. ತಟ್ಟಿದೆ. ದೊಪ್ ಎಂದಿತು.

"ಇದರಲ್ಲಿ ಒಂದು ಬೆಂದಿಲ್ಲ. ಬೇರೆ ಕೊಡಿ" ಎಂದೆ.

"ಎಲ್ಲಾ ಒಂದೇ ಅಮ್ಮ."

"ಒಂದೇ ಅಲ್ಲ. ಕೇಳಿ ಬೇಕಾದ್ರೆ" ಎಂದು ಮತ್ತೆ ತಟ್ಟಿದೆ. ಹಿಂದಿನಿಂದ ಯಾರೋ, "ಆ ಸಾರ್ ಹೋದ್ರು ಅಂತ ಅಂದ್ಕೊಂಡ್ರೆ ಇವ್ರು ಬಂದ್ರಲ್ಲಪ್ಪ" ಎಂದರು. ಒಂದಿಬ್ಬರು ನಕ್ಕರು. ನಾನು ತಿರುಗಿ ನೋಡಲಿಲ್ಲ. ಮೂರನೆಯ ಇಟ್ಟಿಗೆಗೆ ಠಣ್ ಎಂದಿತು. ಚೀಲಕ್ಕೆ ಹಾಕಿಕೊಂಡು ಹೊರಟೆ.

ಬಸ್ಸಿನಲ್ಲಿ ಕಂಡಕ್ಟರ್ ಚೀಲಕ್ಕೆ ಕಾಲು ತಾಗಿಸಿಕೊಂಡು, "ಏನಮ್ಮ ಇದು, ಕಲ್ಲಾ?" ಎಂದ.

"ಇಟ್ಟಿಗೆ."

"ನಿಮಗೇನೋ ಫ್ರೀ ಟಿಕೆಟ್. ಇಟ್ಟಿಗೆ ಹತ್ರ ಆಧಾರ್ ಕಾರ್ಡ್ ಇದ್ಯಾ?" ಎಂದು ತಾನೇ ನಕ್ಕು, ಗುಲಾಬಿ ಬಣ್ಣದ ಟಿಕೆಟ್ ಹರಿದು ಕೊಟ್ಟ. "ಮನೆ ಕಟ್ಸ್ತಾ ಇದೀರಾ?"

"ಕಟ್ಟೆ. ನಿಧಾನಕ್ಕೆ" ಎಂದೆ.

ಮನೆಗೆ ಬಂದು ಮಹಡಿ ಹತ್ತಿ ಎರಡನ್ನೂ ಸಾಲಿನ ಮೇಲಿಟ್ಟೆ. ಇಪ್ಪತ್ತನಾಲ್ಕು. ಸಂಜೆ ಮೈದುನ ಫೋನ್ ಮಾಡಿ, ಸಿಕ್ಕಿತಾ ಎಂದು ಕೇಳಿದ. ಸಿಕ್ಕಿತು ಎಂದೆ. "ಅತ್ತಿಗೆ, ಒಂದು ಗಾಡಿಲಿ ಮಿಕ್ಕಿದ್ದು ಅಷ್ಟೂ ಇಟ್ಟಿಗೆ ಹಾಕಿಸಿಬಿಡ್ತೀನಿ. ಮುಂದಿನ ವಾರ ಕಟ್ಟೆ ಆಗೋಗ್ಲಿ" ಎಂದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಬೇಡಪ್ಪ. ಅದು ಅಂಗಡಿ ಇಟ್ಟಿಗೆ ಆಗುತ್ತೆ" ಎಂದೆ.

ಫೋನ್ ಇಟ್ಟ ಮೇಲೆ ಲೆಕ್ಕ ಹಾಕಿದೆ. ಇನ್ನೂ ಮೂವತ್ತಾರು ಇಟ್ಟಿಗೆ, ವರ್ಷಕ್ಕೆ ಎರಡರಂತೆ ಹದಿನೆಂಟು ವರ್ಷ. ನನಗೀಗ ಅರವತ್ತೊಂದು. ಎಪ್ಪತ್ತೊಂಬತ್ತರಲ್ಲಿ ಮಹಡಿ ಹತ್ತಿ ಸೊಪ್ಪು ಬಿಡಿಸಬೇಕು. ಕಂಪನಿ ಇರಬೇಕು, ಗೂಡು ಉರಿಯುತ್ತಿರಬೇಕು, ನನ್ನ ಮಂಡಿ ಸರಿಯಿರಬೇಕು. ಅವರ ಲೆಕ್ಕದಲ್ಲಾದರೆ ಕಟ್ಟೆ ಮುಗಿಯುವ ಹೊತ್ತಿಗೆ ಅವರಿಗೆ ಎಂಬತ್ತೈದು. ಅಲ್ಲಿಯವರೆಗೆ ಇಬ್ಬರೂ ಇರುತ್ತೇವೆ ಎಂದು ಈ ಮನುಷ್ಯನಿಗೆ ಯಾರು ಹೇಳಿದ್ದರು? ಒಂದು ಮಾತು ನನ್ನನ್ನು ಕೇಳಬೇಡವೇ? ಬಟ್ಟೆ ಒಣಹಾಕಲು ಹೋದಾಗಲೆಲ್ಲ ಆ ಸಾಲನ್ನು ನೋಡಿ ಬೈಯುತ್ತೇನೆ. ಬೈದರೂ, ಇಟ್ಟಿಗೆ ತಂದ ಚೀಲ ಒಗೆದು, ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದೇನೆ.